ಖಂಡನೆ ಮಾಡಿದ್ದೀರಿ ಸರಿ, ಅಧ್ಯಕ್ಷರ ಕುರ್ಚಿ ಯಾಕೆ ಅಲುಗಲಿಲ್ಲ?

ಪ್ರಶ್ನೆ: ಸರ್, ನಾನು ಸಿಂಧನೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ ಸದಸ್ಯ. ಮೊದಲ ಸಲ ಆರಿಸಿ ಬಂದವನು. ನಮ್ಮಲ್ಲಿ ಒಟ್ಟು 17 ಸದಸ್ಯರು. ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲು. ಈಗಿನ ಅಧ್ಯಕ್ಷರು ಬಂದು ಒಂದೂವರೆ ವರ್ಷ ಆಯಿತು. ಹೆಸರಿಗೆ ಅವರು, ಪಂಚಾಯ್ತಿ ನಡೆಸುವುದೆಲ್ಲ ಅವರ ಯಜಮಾನರು. ಶುದ್ಧ ಕುಡಿಯುವ ನೀರಿನ ಘಟಕ ಬೇಸಿಗೆಯಿಂದ ಬಂದ್ ಬಿದ್ದಿದೆ. ಅದರ ರಿಪೇರಿ ಬಿಲ್ ಮಾತ್ರ ಎರಡು ಸಲ ಪಾವತಿ ಆಗಿದೆ ಅಂತ ಗೊತ್ತಾಯಿತು. ಹೋದ ಸಾಮಾನ್ಯ ಸಭೆಯಲ್ಲಿ ನಾವು 10 ಮಂದಿ ಸೇರಿ ‘ಅಧ್ಯಕ್ಷರ ಮತ್ತು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರ ಕಾರ್ಯವೈಖರಿಯನ್ನು ಸಭೆ ತೀವ್ರವಾಗಿ ಖಂಡಿಸುತ್ತದೆ’ ಅಂತ ಠರಾವು ಮಾಡಿದೆವು. ಪಿಡಿಒ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯಲೇ ಇಲ್ಲ. ‘ಕಾಯ್ದೆಯಲ್ಲಿ ಖಂಡನೆ ಅನ್ನೋದೇ ಇಲ್ಲ’ ಅಂದರು. ಯಜಮಾನರು ‘ಏನ್ ಮಾಡ್ಕೊಂತೀರಿ ಮಾಡ್ಕೊಳ್ರಿ’ ಅಂತಾರೆ. 17ರಲ್ಲಿ 10 ಅಂದರೆ ಬಹುಮತ ಅಲ್ಲವೇ? ಬಹುಮತ ಹೋದರೆ ಮುಖ್ಯಮಂತ್ರಿಯೇ ರಾಜೀನಾಮೆ ಕೊಡುವಾಗ ಅಧ್ಯಕ್ಷರು ಯಾಕೆ ಕೊಡಬಾರದು? ಅವಿಶ್ವಾಸ ತಂದರೆ ಇಳಿಯುತ್ತಾರಾ? ಪಿಡಿಒ ಮೇಲೂ ಅವಿಶ್ವಾಸ ತರಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಸಂಕಟ ಒಂದೇ. ಹತ್ತು ಜನ ಕೈ ಎತ್ತಿದರೂ ಏನೂ ಆಗಲಿಲ್ಲವಲ್ಲ, ಹಾಗಾದರೆ ನಮ್ಮ ಕೈಗೆ ಬೆಲೆಯೇನು ಎಂಬುದು. ತಾಲ್ಲೂಕು ಪಂಚಾಯ್ತಿಯಲ್ಲಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಆಗಿದ್ದ ವರ್ಷಗಳಲ್ಲಿ ಇದೇ ಮಾತು ಹಿಡಿದು ನನ್ನ ಕೋಣೆಗೆ ಬಂದ ಸದಸ್ಯರು ಬಹಳ. ರಾಯಚೂರಿರಲಿ, ಕೊಪ್ಪಳವಿರಲಿ, ಬಳ್ಳಾರಿಯಿರಲಿ, ಊರಿನ ಹೆಸರು ಬದಲಾಗುತ್ತದೆ, ಕಥೆ ಬದಲಾಗುವುದಿಲ್ಲ. ಆದ್ದರಿಂದ ಸುತ್ತಿ ಬಳಸದೆ ಹೇಳುತ್ತೇನೆ. ನೀವು ಮಾಡಿದ ಠರಾವಿನಿಂದ ಅಧ್ಯಕ್ಷರು ಇಳಿಯುವುದಿಲ್ಲ. ಇಳಿಸಲೇಬೇಕೆಂದು ಹೊರಟರೆ 10 ಕೈ ಸಾಲದು. ಹಾಗೆಂದು ಖಂಡನಾ ಠರಾವು ವ್ಯರ್ಥವಲ್ಲ. ನೀವು ಅದನ್ನು ಬರೆದ ರೀತಿ ವ್ಯರ್ಥ.

ಮೊದಲು ಪಿಡಿಒ ಅವರ ಮಾತು. ‘ಕಾಯ್ದೆಯಲ್ಲಿ ಖಂಡನೆ ಇಲ್ಲ’ ಎನ್ನುವುದು ಅರ್ಧ ನಿಜ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಲ್ಲಿ ಅವಿಶ್ವಾಸಕ್ಕೆ ಪ್ರತ್ಯೇಕ ಪ್ರಕರಣವೇ ಇದೆ, 49ನೇದು. ಖಂಡನೆಗೆ ಅಂಥದ್ದೊಂದು ಪ್ರಕರಣ ಇಲ್ಲ. ಆದರೆ ಪಂಚಾಯ್ತಿಯ ಹಣ, ನೀರು, ರಸ್ತೆಯ ವಿಷಯದಲ್ಲಿ ಸಭೆ ತನ್ನ ಅಭಿಪ್ರಾಯ ಹೇಳಬಾರದು ಎಂದೂ ಎಲ್ಲಿಯೂ ಇಲ್ಲ. ಸಭೆಯಲ್ಲಿ ಮಂಡನೆಯಾಗಿ ಬಹುಮತ ಸಿಕ್ಕಿದ್ದು ನಡಾವಳಿಗೆ ಏರಲೇಬೇಕು. ಬರೆಯುವುದು ಪಿಡಿಒ ಕೆಲಸ, ಅದು ಕಾನೂನಿಗೆ ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದು ಅವರ ಕೆಲಸವಲ್ಲ. ಠರಾವು ಕಾನೂನುಬಾಹಿರ ಅನ್ನಿಸಿದರೆ ಅದನ್ನು ತಡೆಹಿಡಿಯುವ ಅಧಿಕಾರ ಮೇಲಿನವರಿಗೆ ಇದೆ. ಹಾಳೆ ಖಾಲಿ ಬಿಟ್ಟು ಠರಾವು ಕೊಲ್ಲುವ ಅಧಿಕಾರ ಪಿಡಿಒಗೆ ಯಾರೂ ಕೊಟ್ಟಿಲ್ಲ.

ಇನ್ನು ಮುಖ್ಯಮಂತ್ರಿಯ ಹೋಲಿಕೆ. ಇಲ್ಲೇ ಬಹಳ ಜನ ದಾರಿ ತಪ್ಪುವುದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶಾಸನಸಭೆಗಳಲ್ಲಿ ಖಂಡನೆ ಬೇರೆ, ಅವಿಶ್ವಾಸ ಬೇರೆ. ಲೋಕಸಭೆಯ ಪದ್ಧತಿಯಲ್ಲಿ ಖಂಡನಾ ನಿರ್ಣಯವನ್ನು ಒಬ್ಬ ಸಚಿವರ ಮೇಲೂ ತರಬಹುದು, ಆದರೆ ಯಾವ ಕಾರಣಕ್ಕೆ ಖಂಡಿಸುತ್ತೇವೆ ಎಂದು ಬರೆಯಲೇಬೇಕು. ಅವಿಶ್ವಾಸ ಬರುವುದು ಇಡೀ ಸಚಿವ ಸಂಪುಟದ ಮೇಲೆ, ಅದಕ್ಕೆ ಕಾರಣ ಬರೆಯಬೇಕಿಲ್ಲ. ಅವಿಶ್ವಾಸ ಗೆದ್ದರೆ ಸರ್ಕಾರ ಉಳಿಯುವುದಿಲ್ಲ. ಯಾಕೆಂದರೆ ಸಚಿವ ಸಂಪುಟ ಸದನಕ್ಕೆ ಸಾಮೂಹಿಕವಾಗಿ ಹೊಣೆ ಎಂದು ಸಂವಿಧಾನವೇ ಹೇಳಿದೆ, ರಾಜ್ಯಗಳ ಮಟ್ಟಿಗೆ ಅದು 164ನೇ ವಿಧಿ. ಒಬ್ಬ ಸಚಿವರ ಮೇಲೆ ಖಂಡನೆ ಗೆದ್ದರೆ ಆ ಸಚಿವರಿಗೆ, ಸರ್ಕಾರಕ್ಕೆ ಮುಖಭಂಗ ಆಗುತ್ತದೆ, ರಾಜಕೀಯವಾಗಿ ಕುತ್ತು ಬರುತ್ತದೆ, ಆದರೆ ಕುರ್ಚಿ ತಾನಾಗಿ ಖಾಲಿ ಆಗುವುದಿಲ್ಲ.

ಅಮೆರಿಕದ ಒಂದು ಪ್ರಸಂಗ ಹೇಳಬೇಕು, ನಿಮ್ಮ ನಡಾವಳಿ ಪುಸ್ತಕದ ಜಗಳಕ್ಕೆ ಇದು ಬಹಳ ಹತ್ತಿರದ್ದು. 1834ರಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್, ಆಗಿನ ರಾಷ್ಟ್ರಾಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅವರನ್ನು 26–20 ಮತಗಳಿಂದ ಖಂಡಿಸಿತು. ಸರ್ಕಾರದ ಹಣವನ್ನು ಒಂದು ಬ್ಯಾಂಕಿನಿಂದ ತೆಗೆಸಿದ್ದೇ ಜಗಳದ ಮೂಲ. ಜಾಕ್ಸನ್ ಜಗ್ಗಲಿಲ್ಲ, ಅವಧಿ ಪೂರ್ತಿ ಕುರ್ಚಿಯಲ್ಲೇ ಇದ್ದರು. ಅವರ ಕಡೆಯವರು ಬೆನ್ನು ಹತ್ತಿದ್ದು ಆ ದಾಖಲೆಯನ್ನು. ಸೆನೆಟ್‌ನಲ್ಲಿ ಬಲಾಬಲ ತಿರುಗಿದ ಮೇಲೆ, 1837ರ ಜನವರಿಯಲ್ಲಿ, ಹಳೆಯ ನಡಾವಳಿ ಪುಸ್ತಕ ತರಿಸಿ, ಆ ಖಂಡನೆಯ ಸುತ್ತ ಕಪ್ಪು ಗೆರೆ ಎಳೆಸಿ, ಇದನ್ನು ತೆಗೆದುಹಾಕಲಾಗಿದೆ ಎಂದು ಬರೆಸಿದರು. ಕುರ್ಚಿಗೆ ಏನೂ ಧಕ್ಕೆ ಮಾಡದ ಒಂದು ಬರಹಕ್ಕಾಗಿ ಒಬ್ಬ ರಾಷ್ಟ್ರಾಧ್ಯಕ್ಷರ ಪಕ್ಷ ಮೂರು ವರ್ಷ ಗುದ್ದಾಡಿತು. ನಿಮ್ಮ ಪಿಡಿಒ ಆ ಹಾಳೆಗೆ ಪೆನ್ನು ಮುಟ್ಟಿಸದೆ ಇದ್ದದ್ದು ಯಾಕೆ ಎಂದು ಇದರ ಮೇಲೆ ಅಂದಾಜು ಮಾಡಿಕೊಳ್ಳಿ. ‘ಇದಕ್ಕೆ ಬೆಲೆ ಇಲ್ಲ’ ಎಂದು ಬಾಯಲ್ಲಿ ಹೇಳಿದವರು ಅದನ್ನು ಬರೆದು ಬಿಸಾಕಬಹುದಿತ್ತಲ್ಲ!

17ರ ಲೆಕ್ಕ

ಈಗ ಅವಿಶ್ವಾಸ. 49ನೇ ಪ್ರಕರಣದ ಪ್ರಕಾರ ಅಧ್ಯಕ್ಷರನ್ನು ಇಳಿಸಲು ಒಟ್ಟು ಸದಸ್ಯರ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದ ಮತ ಬೇಕು. 17ರ ಮೂರನೇ ಎರಡು ಭಾಗ ಎಂದರೆ 11 ದಾಟಿ ಚಿಲ್ಲರೆ ಬರುತ್ತದೆ. ಅರ್ಥಾತ್ 12. ನೋಟಿಸಿಗೆ ಅರ್ಧದಷ್ಟು ಸದಸ್ಯರ ಸಹಿ ಬೇಕು, ಅದು ನಿಮ್ಮಲ್ಲಿ 9. ನಿಮ್ಮ 10 ಮಂದಿ ಬಾಗಿಲು ತೆರೆಸಬಲ್ಲರು, ಒಳಗೆ ಗೆಲ್ಲಲಾರರು.

ಇಲ್ಲಿ ‘ಒಟ್ಟು ಸದಸ್ಯರು’ ಎನ್ನುವುದೇ ಕೀಲಿ. ಸಭೆಗೆ ಬಂದವರಲ್ಲಿ ಮೂರನೇ ಎರಡು ಭಾಗ ಅಲ್ಲ. 2019ರ ಜುಲೈ 23ರಂದು ಕುಮಾರಸ್ವಾಮಿ ಅವರ ಸರ್ಕಾರ ಬಿದ್ದದ್ದು ನೆನಪಿರಬೇಕು, ವಿಶ್ವಾಸಮತದ ಪರ 99, ವಿರುದ್ಧ 105. ಅತೃಪ್ತ ಶಾಸಕರು ಸದನಕ್ಕೇ ಬಂದಿರಲಿಲ್ಲ. ಅಲ್ಲಿ ಲೆಕ್ಕ ಹಾಕುವುದು ಹಾಜರಿದ್ದು ಮತ ಹಾಕಿದವರನ್ನು. ಹಾಗಾಗಿ ಮನೆಯಲ್ಲಿ ಕೂತವರೇ ಸರ್ಕಾರ ಬೀಳಿಸಿದರು. ಪಂಚಾಯ್ತಿಯಲ್ಲಿ ಇದು ತಿರುಗುಮುರುಗು. ಮನೆಯಲ್ಲಿ ಕೂತ ಸದಸ್ಯ ಅಧ್ಯಕ್ಷರನ್ನು ಉಳಿಸುತ್ತಾನೆ. ಸಭೆಗೆ 11 ಜನ ಬಂದು, 11 ಜನವೂ ಅವಿಶ್ವಾಸಕ್ಕೆ ಕೈ ಎತ್ತಿ, ಒಬ್ಬರೂ ವಿರೋಧಿಸದೆ ಇದ್ದರೂ ನಿಮ್ಮ ನಿರ್ಣಯ ಬಿದ್ದುಹೋಗುತ್ತದೆ. ಅಧ್ಯಕ್ಷರ ಕಡೆಯವರು ಯಾರನ್ನೂ ತಮ್ಮ ಪರ ಮಾತಾಡಿಸಬೇಕಿಲ್ಲ. ಆ ದಿನ ಇಬ್ಬರನ್ನು ಮಂತ್ರಾಲಯಕ್ಕೋ ಶ್ರೀಶೈಲಕ್ಕೋ ಕಳಿಸಿದರೆ ಆಯಿತು.

ದೆಹಲಿಯಲ್ಲೂ ಹೀಗೇ ಒಮ್ಮೆ ನಡೆದಿದೆ. 1993ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರನ್ನು ತೆಗೆಯುವ ನಿರ್ಣಯ ಲೋಕಸಭೆಗೆ ಬಂತು. ಪರವಾಗಿ 196 ಮತ. ವಿರುದ್ಧ ಸೊನ್ನೆ. ಕಾಂಗ್ರೆಸ್ ಮತ್ತು ಅದರ ಜೊತೆಗಾರರು, 205 ಮಂದಿ, ಸದನದಲ್ಲೇ ಕೂತು ಮತ ಹಾಕಲಿಲ್ಲ. ಸದನದ ಒಟ್ಟು ಸದಸ್ಯಬಲದ ಬಹುಮತ ಬೇಕಿದ್ದುದರಿಂದ ನಿರ್ಣಯ ಬಿತ್ತು, ನ್ಯಾಯಮೂರ್ತಿಗಳು ಉಳಿದರು. ಸುಮ್ಮನೆ ಕೂರುವುದೂ ಒಂದು ಮತ ಎಂದು ಹೊಸ ಸದಸ್ಯರಿಗೆ ನಾನು ಹೇಳುತ್ತಿದ್ದದ್ದು ಈ ಲೆಕ್ಕ ಇಟ್ಟುಕೊಂಡೇ.

ಕೊಪ್ಪಳ ಜಿಲ್ಲೆಯ ಒಂದು ಪಂಚಾಯ್ತಿಯಲ್ಲಿ ಸದಸ್ಯರು ಭಂಡಾರ ಮುಟ್ಟಿ ಆಣೆ ಮಾಡಿ ಹೊರಟಿದ್ದರು. ಸಹಿ ಹಾಕಿದವರ ಸಂಖ್ಯೆ ಬೇಕಾದ್ದಕ್ಕಿಂತ ಒಂದು ಹೆಚ್ಚೇ ಇತ್ತು. ಸಭೆಯ ದಿನ ಬೆಳಿಗ್ಗೆ ಒಬ್ಬರಿಗೆ ಎದೆನೋವು, ಇನ್ನೊಬ್ಬರ ಫೋನ್ ಸ್ವಿಚ್ ಆಫ್. ಆಮೇಲೆ ಎದೆನೋವಿನವರನ್ನು ಸಂತೆಯಲ್ಲಿ ಕಂಡೆ, ಆರಾಮಾಗಿದ್ದರು. ಆದ್ದರಿಂದ 12 ಬೇಕಾದ ಕಡೆ 12 ಇಟ್ಟುಕೊಂಡು ಅವಿಶ್ವಾಸಕ್ಕೆ ಹೋಗಬೇಡಿ ಎನ್ನುವುದು ನನ್ನ ಅನುಭವದ ಮಾತು. ನಿಮ್ಮಲ್ಲಿ ಇರುವುದು 10.

ವಿಧಾನವೂ ತಿಳಿದಿರಲಿ. ಇದಕ್ಕೆ 1994ರ ನಿಯಮಗಳಿವೆ. ನಮೂನೆ 1ರಲ್ಲಿ ನೋಟಿಸ್ ಬರೆದು, ನಿರ್ಣಯದ ಪ್ರತಿ ಜೊತೆಗಿಟ್ಟು, ಸಹಿ ಮಾಡಿದವರಲ್ಲಿ ಇಬ್ಬರು ಖುದ್ದಾಗಿ ಉಪವಿಭಾಗಾಧಿಕಾರಿಗೆ (ಎಸಿ) ಕೊಡಬೇಕು. ಪಿಡಿಒಗೂ ಅಲ್ಲ, ಇಒಗೂ ಅಲ್ಲ. ಸಿಂಧನೂರಿನವರಾದ್ದರಿಂದ ನೀವು ಲಿಂಗಸೂಗೂರಿನ ಎಸಿ ಕಚೇರಿಗೆ ಹೋಗಬೇಕು. ಇದು ಗೊತ್ತಿಲ್ಲದೆ ನೇರ ರಾಯಚೂರಿಗೆ ಬಸ್ ಹತ್ತಿ, ಜಿಲ್ಲಾ ಪಂಚಾಯ್ತಿಯ ಟಪಾಲಿಗೆ ಕಾಗದ ಹಾಕಿ, ತಿಂಗಳುಗಟ್ಟಲೆ ಕಾದವರನ್ನು ನಾನು ಬಲ್ಲೆ. ನೋಟಿಸ್ ಸೇರಿದ 30 ದಿನಗಳೊಳಗೆ ಎಸಿ ಸಭೆಯ ದಿನ ಗೊತ್ತು ಮಾಡಬೇಕು, ಸದಸ್ಯರಿಗೆ ಪೂರ್ತಿ 15 ದಿನಗಳ ಮುಂಚಿತ ನೋಟಿಸ್ ಕೊಡಬೇಕು. ಈ ದಿನಗಳ ಎಣಿಕೆಯಲ್ಲಿ ತಪ್ಪಾದರೆ ಗೆದ್ದ ಅವಿಶ್ವಾಸವೂ ಹೈಕೋರ್ಟಿನಲ್ಲಿ ಬಿದ್ದುಹೋಗಬಹುದು. ಕೊಟ್ಟ ದಿನ, ಮುಟ್ಟಿದ ದಿನ, ಸಭೆಯ ದಿನ ಎಲ್ಲವನ್ನೂ ನೀವೇ ಒಂದು ಕಡೆ ಬರೆದಿಟ್ಟುಕೊಳ್ಳಿ.

ಸಭೆ ನಡೆಸುವವರು ಎಸಿ. ಅವರು ನಿರ್ಣಯ ಓದುತ್ತಾರೆ, ಚರ್ಚೆ ಇಲ್ಲದೆ ಮತಕ್ಕೆ ಹಾಕುತ್ತಾರೆ. ಹೌದು, ಚರ್ಚೆ ಇಲ್ಲ! ನೀರಿನ ಘಟಕ, ಎರಡು ಬಿಲ್ಲು, ಯಜಮಾನರ ದರ್ಬಾರು, ಯಾವುದನ್ನೂ ಅಲ್ಲಿ ಹೇಳಲು ಆಗುವುದಿಲ್ಲ. ಭಾಷಣ ಬರೆದುಕೊಂಡು ಹೋದವರು ಜೇಬಿನಲ್ಲೇ ಇಟ್ಟುಕೊಂಡು ವಾಪಸ್ ಬರುತ್ತಾರೆ. ನಿಮ್ಮ ಆರೋಪ ಮಾತಾಗಿ, ದಾಖಲೆಯಾಗಿ ಉಳಿಯಬೇಕೆಂದರೆ ಅದಕ್ಕೆ ಜಾಗ ಇರುವುದು ಸಾಮಾನ್ಯ ಅಥವಾ ವಿಶೇಷ ಸಭೆಯ ಠರಾವಿನಲ್ಲಿ. ಅಂದರೆ ನೀವು ಕೈಲಾಗದ್ದೆಂದುಕೊಂಡ ಆ ಖಂಡನೆಯಲ್ಲಿ.

ಹೊಸದಾಗಿ ಆಯ್ಕೆಯಾದ ಅಧ್ಯಕ್ಷರ ಮೇಲೆ ಕೂಡಲೇ ಅವಿಶ್ವಾಸ ತರದಂತೆ ಕಾಯ್ದೆ ಒಂದು ರಕ್ಷಣೆಯ ಅವಧಿ ಇಟ್ಟಿದೆ. ಅದನ್ನು ತಿದ್ದುಪಡಿಗಳಲ್ಲಿ ಹಿಂದೆ ಮುಂದೆ ಎಳೆದಿದ್ದಾರೆ, ಆದ್ದರಿಂದ ನೋಟಿಸ್ ಬರೆಯುವ ದಿನ ಜಾರಿಯಲ್ಲಿರುವ ಪಾಠವನ್ನೇ ಎಸಿ ಕಚೇರಿಯಲ್ಲಿ ನೋಡಿಕೊಳ್ಳಿ. ಸೋತ ಮೇಲೂ ಮತ್ತೆ ತರಲು ಕಾಯಬೇಕಾಗುತ್ತದೆ. ಅಧ್ಯಕ್ಷರ ಅವಧಿ 30 ತಿಂಗಳು, ಅದರಲ್ಲಿ ಒಂದೂವರೆ ವರ್ಷ ಕಳೆದಿದೆ. ಈಗ ಸೋತರೆ ಈ ಅವಧಿಯಲ್ಲಿ ನಿಮಗೆ ಎರಡನೇ ಅವಕಾಶವಿಲ್ಲ ಎಂದೇ ತಿಳಿಯಿರಿ. ಇಂದು ‘ಏನ್ ಮಾಡ್ಕೊಂತೀರಿ’ ಎಂದವರು ನಾಳೆ ಪಟಾಕಿ ಹಚ್ಚುತ್ತಾರೆ.

ಇಳಿಸಿದ ಮೇಲೆ ಯಾರು?

ಇದನ್ನು ನಿಮ್ಮ ಗುಂಪಿನಲ್ಲಿ ಯಾರಾದರೂ ಕೇಳಿದ್ದಾರಾ? ಅವಿಶ್ವಾಸ ಗೆದ್ದರೂ ಮೀಸಲಾತಿ ಬದಲಾಗುವುದಿಲ್ಲ. ಉಳಿದ ಅವಧಿಗೂ ಪರಿಶಿಷ್ಟ ಜಾತಿಯ ಮಹಿಳೆಯೇ ಅಧ್ಯಕ್ಷರಾಗಬೇಕು. ನಿಮ್ಮ 17ರಲ್ಲಿ ಅಂಥ ಇನ್ನೊಬ್ಬ ಸದಸ್ಯೆ ಇದ್ದಾರಾ? ಇದ್ದರೆ ಅವರು ಈ ಹತ್ತರಲ್ಲಿ ಒಬ್ಬರಾ? ಇಲ್ಲವಾದರೆ ನಿಮ್ಮ ಲೆಕ್ಕ ಉಪಾಧ್ಯಕ್ಷರನ್ನು ಪ್ರಭಾರದಲ್ಲಿ ಕೂರಿಸುವುದಾ? ಪತ್ರದಲ್ಲಿ ಇದರ ಮಾತಿಲ್ಲ. ಆದರೆ ನಾನು ನೋಡಿದ ಎಷ್ಟೋ ಅವಿಶ್ವಾಸಗಳ ಹಿಂದೆ ನೀರಿನ ಘಟಕ ನೆಪವಾಗಿತ್ತು, ಉಪಾಧ್ಯಕ್ಷರ ಆಸೆ ಕಾರಣವಾಗಿತ್ತು. ನಿಮ್ಮದು ಹಾಗಲ್ಲದಿದ್ದರೆ ಒಳ್ಳೆಯದು. ಆದರೂ ಊರಿನವರು ಹಾಗೆಯೇ ಓದುತ್ತಾರೆ, ಅದಕ್ಕೆ ತಯಾರಿರಿ.

ಕಾನೂನಿನ ಇನ್ನೊಂದು ಅಪಾಯ ಇದೆ, ಇದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಪರಿಶಿಷ್ಟ ಜಾತಿ ಅಥವಾ ಪಂಗಡದ ಪಂಚಾಯ್ತಿ ಸದಸ್ಯರು, ಅಧ್ಯಕ್ಷರು ತಮ್ಮ ಕೆಲಸ ಮಾಡದಂತೆ ಬೇರೆಯವರು ಬೆದರಿಸುವುದು, ಅಡ್ಡಿಪಡಿಸುವುದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಸಹಿ ಹಾಕಿ ನೋಟಿಸ್ ಕೊಡುವುದು ಅಪರಾಧವಲ್ಲ. ನಡಾವಳಿಯಲ್ಲಿ ಕಾರಣ ಬರೆಸಿ ಖಂಡಿಸುವುದೂ ಅಲ್ಲ. ಆದರೆ ಕಚೇರಿಗೆ ಬೀಗ ಜಡಿಯುವುದು, ಕುರ್ಚಿಯಲ್ಲಿ ಕೂರಬೇಡ ಎನ್ನುವುದು, ಸಭೆಯಲ್ಲಿ ಜಾತಿ ಎತ್ತಿ ಆಡುವುದು, ಮನೆ ಮುಂದೆ ಹೋಗಿ ಕೂಗಾಡುವುದು ನಿಮ್ಮನ್ನು ನೇರ ಠಾಣೆಗೆ ಒಯ್ಯುತ್ತವೆ, ಒಯ್ಯಲೂ ಬೇಕು. ನಿಮ್ಮ ಹತ್ತರಲ್ಲಿ ಬಾಯಿ ಸಡಿಲ ಇರುವವರು ಯಾರೆಂದು ನಿಮಗೇ ಗೊತ್ತಿರುತ್ತದೆ. ಅವರನ್ನು ಮೊದಲು ಹಿಡಿದಿಟ್ಟುಕೊಳ್ಳಿ.

ಇಷ್ಟಕ್ಕೂ ನಿಮ್ಮ ಸಿಟ್ಟು ಅಧ್ಯಕ್ಷರ ಮೇಲೋ, ಅವರ ಯಜಮಾನರ ಮೇಲೋ? ಪತ್ರ ಓದಿದರೆ ಯಜಮಾನರ ಮೇಲೆ ಅನ್ನಿಸುತ್ತದೆ. ಹಾಗಾದರೆ ಮದ್ದು ಬೇರೆ. ಇವತ್ತು ಪಂಚಾಯ್ತಿ ಹಣ ಹೊರಗೆ ಹೋಗಬೇಕಾದರೆ ಅಧ್ಯಕ್ಷರದೂ ಪಿಡಿಒದೂ ಡಿಜಿಟಲ್ ಸಹಿ ಬೇಕು. ಆ ಸಹಿ ಇರುವುದು ಹೆಬ್ಬೆರಳಿನ ಗಾತ್ರದ ಒಂದು ಡೋಂಗಲ್‌ನಲ್ಲಿ. ಅಧ್ಯಕ್ಷರ ಡೋಂಗಲ್ ಯಾರ ಜೇಬಿನಲ್ಲಿದೆ, ಪಾಸ್‌ವರ್ಡ್ ಯಾರಿಗೆ ಗೊತ್ತು, ಎರಡು ಬಿಲ್ಲಿಗೆ ಅದನ್ನು ಯಾವ ದಿನ ಯಾರು ಒತ್ತಿದರು? ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು. ಎಷ್ಟೋ ಕಡೆ ಡೋಂಗಲ್ ಪಿಡಿಒ ಮೇಜಿನ ಡ್ರಾಯರಿನಲ್ಲೇ ಇರುತ್ತದೆ, ಅಧ್ಯಕ್ಷರಿಗೆ ತಮ್ಮ ಸಹಿ ಬಿದ್ದದ್ದೇ ಗೊತ್ತಿರುವುದಿಲ್ಲ. ಆರಿಸಿ ಬಂದವರ ಗಂಡ, ಮಗ, ಮೈದುನ ಸಭೆಯಲ್ಲಿ ಕೂರಲು ಯಾವ ಅವಕಾಶವೂ ಇಲ್ಲ. ಅವರು ಬಂದು ಕೂತರೆ ‘ಇಂಥವರು ಸದಸ್ಯರಲ್ಲ, ಹೊರಗೆ ಹೋಗಬೇಕು’ ಎಂದು ಹೇಳಿ, ಅದನ್ನೇ ನಡಾವಳಿಯಲ್ಲಿ ಬರೆಸಿ. ಇಷ್ಟು ಮಾಡಿದ ಕೆಲವು ಕಡೆ ಅಧ್ಯಕ್ಷರೇ ಗಟ್ಟಿಯಾಗಿ ಕೂತು ಕೆಲಸ ಕಲಿತದ್ದನ್ನು ಕಂಡಿದ್ದೇನೆ. ಒಂದು ಸಲ ಯಜಮಾನರಿಲ್ಲದಾಗ ಅಧ್ಯಕ್ಷರ ಜೊತೆ ನೀವೇ, ಸಾಧ್ಯವಾದರೆ ನಿಮ್ಮ ಮಹಿಳಾ ಸದಸ್ಯರು, ಕೂತು ಆ ಎರಡು ಬಿಲ್ ತೋರಿಸಿ ಮಾತಾಡಿ. ಅವರು ನಿಮ್ಮ ಹನ್ನೊಂದನೆಯವರಾದರೂ ಆಶ್ಚರ್ಯವಿಲ್ಲ.

ಠರಾವು ಬರೆಯುವ ಬಗೆ

‘ಕಾರ್ಯವೈಖರಿಯನ್ನು ಸಭೆ ತೀವ್ರವಾಗಿ ಖಂಡಿಸುತ್ತದೆ’ ಎಂಬ ನಿಮ್ಮ ವಾಕ್ಯವನ್ನೇ ತೆಗೆದುಕೊಳ್ಳಿ. ಇದನ್ನು ಜಿಲ್ಲಾ ಪಂಚಾಯ್ತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಓದಿದರೆ ಏನು ಮಾಡಬೇಕು? ಯಾವ ಕಾರ್ಯ, ಯಾವ ದಿನ, ಎಷ್ಟು ಹಣ, ಏನೂ ಇಲ್ಲ. ಗುಂಪು ಜಗಳ ಎಂದು ಕಡತ ಮುಚ್ಚುತ್ತಾರೆ. ಇಒ ಆಗಿದ್ದಾಗ ನಾನೂ ಇಂಥವನ್ನು ಪಕ್ಕಕ್ಕಿಟ್ಟಿದ್ದೇನೆ, ಬೇರೆ ದಾರಿ ಇರುತ್ತಿರಲಿಲ್ಲ. ಅದರ ಬದಲು ಹೀಗೆ ಬರೆಸಿ ನೋಡಿ:

‘ನಮ್ಮ ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದ ದುರಸ್ತಿಗೆಂದು ಇಂಥ ದಿನಾಂಕದ ಇಂಥ ವೋಚರ್‌ನಲ್ಲಿ ಇಷ್ಟು ರೂಪಾಯಿ, ಮತ್ತೆ ಇಂಥ ದಿನಾಂಕದ ಇಂಥ ವೋಚರ್‌ನಲ್ಲಿ ಇಷ್ಟು ರೂಪಾಯಿ ಪಾವತಿಯಾಗಿದೆ. ಈ ಎರಡೂ ಪಾವತಿಗೆ ಸಭೆಯ ಅನುಮೋದನೆ ಪಡೆದಿಲ್ಲ. ಘಟಕ ಇಂದಿಗೂ ನಡೆಯುತ್ತಿಲ್ಲ. ಇದನ್ನು ಸಭೆ ಖಂಡಿಸುತ್ತದೆ. ಮಂಜೂರಾತಿ, ಎಂ.ಬಿ. ಪುಸ್ತಕ (ಕೆಲಸದ ಅಳತೆ ಬರೆಯುವ ಪುಸ್ತಕ), ಬಿಲ್, ಕೆಲಸದ ಮುಂಚಿನ ಮತ್ತು ನಂತರದ ಫೋಟೊಗಳನ್ನು 7 ದಿನಗಳೊಳಗೆ ಸಭೆಯ ಮುಂದೆ ಇಡಬೇಕು. ಇಡದಿದ್ದರೆ ತನಿಖೆಗಾಗಿ ಈ ಠರಾವನ್ನು ಇಒ ಮತ್ತು ಸಿಇಒ ಅವರಿಗೆ ಕಳಿಸಲು ಸಭೆ ತೀರ್ಮಾನಿಸಿದೆ.’

ಖಂಡನೆ ಎಂಬ ಮಾತು ಇದರಲ್ಲಿ ಒಂದೇ ಸಲ ಬರುತ್ತದೆ. ಉಳಿದದ್ದೆಲ್ಲ ಅಂಕಿ ಮತ್ತು ತಾರೀಖು. ಇದಕ್ಕೆ ಉತ್ತರ ಕೊಡದೆ ಯಾವ ಅಧಿಕಾರಿಯೂ ಕಡತ ಮುಚ್ಚಲಾರ. ರಾಯಚೂರು ಜಿಲ್ಲೆಯ ಅಂತರ್ಜಲದ ಫ್ಲೋರೈಡ್ ಸಮಸ್ಯೆ ಎಲ್ಲರಿಗೂ ತಿಳಿದದ್ದು, ಇಲ್ಲಿ ನೀರಿನ ಘಟಕ ಬಂದ್ ಬಿದ್ದದ್ದು ಸಣ್ಣ ವಿಷಯ ಎಂದು ಯಾರೂ ಅನ್ನಲಾರರು.

ಆದರೆ ಮೊದಲು ಅಂಕಿ ಕೈಯಲ್ಲಿರಬೇಕು. ‘ಎರಡು ಸಲ ಪಾವತಿ ಆಗಿದೆ ಅಂತ ಗೊತ್ತಾಯಿತು’ ಎಂದಿದ್ದೀರಿ. ಯಾರಿಂದ ಗೊತ್ತಾಯಿತು? ವೋಚರ್ ನೋಡಿದ್ದೀರಾ? ಒಂದು ಬಿಲ್ ಮೋಟಾರಿನದು, ಇನ್ನೊಂದು ಫಿಲ್ಟರಿನದು ಆಗಿರಬಹುದು. ಹಾಗೇನಾದರೂ ಆದರೆ ತುಂಬಿದ ಸಭೆಯಲ್ಲಿ ಮುಖ ತಗ್ಗಿಸುವವರು ನೀವು. ಸದಸ್ಯರಾಗಿ ಲಿಖಿತವಾಗಿ ಕೇಳಿ, ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಪಂಚಾಯ್ತಿಯ ಮಾಹಿತಿ ಅಧಿಕಾರಿ ಪಿಡಿಒ ಅವರೇ, 30 ದಿನ ಕಾದು ಸಿಗದಿದ್ದರೆ ಮೇಲ್ಮನವಿ. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲೂ (ಪಂಚಾಯ್ತಿ ಲೆಕ್ಕದ ಬಹಿರಂಗ ತಪಾಸಣೆ) ಲೆಕ್ಕದ ಪುಸ್ತಕಗಳು ಹೊರಗೆ ಬರುತ್ತವೆ, ಸದಸ್ಯರೇ ಅಲ್ಲಿಗೆ ಹೋಗುವುದಿಲ್ಲ ಎನ್ನುವುದು ಬೇರೆ ಮಾತು.

ಕೈಗೆ ಕಾಗದ ಸಿಕ್ಕ ಮೇಲೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂಬ ಕೊನೆಯ ಸಾಲಿನಲ್ಲಿ ಇದನ್ನು ತುರುಕಬೇಡಿ. ಹೋದ ಸಲ ನೀವು ಹಾಗೆಯೇ ಮಾಡಿರಬೇಕು ಎಂದು ನನ್ನ ಊಹೆ. ಅಪ್ಪಣೆ ಅಧ್ಯಕ್ಷರದು, ಖಂಡನೆ ಅಧ್ಯಕ್ಷರ ಮೇಲೆ, ಅವರು ಯಾಕೆ ಒಪ್ಪುತ್ತಾರೆ? ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗ, ನಿಮ್ಮಲ್ಲಿ 6 ಮಂದಿ, ಲಿಖಿತವಾಗಿ ಕೇಳಿದರೆ ವಿಶೇಷ ಸಭೆ ಕರೆಯಬೇಕಾಗುತ್ತದೆ. ವಿಷಯವನ್ನು ಆ ಪತ್ರದಲ್ಲೇ ಬರೆಯಿರಿ. ಪತ್ರ ಕೊಟ್ಟು ಎರಡನೇ ಪ್ರತಿಯ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಒಲ್ಲೆ ಎಂದರೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಸಭೆಯಲ್ಲಿ ಠರಾವು ಆದ ಕೂಡಲೇ, ಪುಸ್ತಕದಲ್ಲಿ ಬರೆದು ಮುಗಿಯುವವರೆಗೆ ಯಾರೂ ಏಳಬೇಡಿ. ಹಾಜರಿ ಸಹಿ ಮೊದಲು ಹಾಕಿಸಿಕೊಂಡು, ಜನ ಹೋದ ಮೇಲೆ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ತಮಗೆ ಬೇಕಾದ್ದನ್ನು ತುಂಬುವ ಚಾಳಿ ಎಲ್ಲರಿಗೂ ಗೊತ್ತಿದ್ದದ್ದೇ. ಆಗಲೂ ಬರೆಯದಿದ್ದರೆ, ಠರಾವಿನ ಪಾಠ ಬರೆದು 10 ಮಂದಿ ಸಹಿ ಹಾಕಿ, ‘ಈ ದಿನದ ಸಭೆಯಲ್ಲಿ ಇದು ಬಹುಮತದಿಂದ ಆಗಿದೆ, ಪಿಡಿಒ ದಾಖಲಿಸಿಲ್ಲ’ ಎಂದು ಅದೇ ದಿನ ಇಒ ಅವರಿಗೆ ಮುಟ್ಟಿಸಿ. ಅದೇ ದಿನ ಎನ್ನುವುದು ಮುಖ್ಯ, ವಾರ ಬಿಟ್ಟು ಹೋದರೆ ಆಮೇಲೆ ಕಟ್ಟಿದ ಕಥೆಯಂತೆ ಕಾಣುತ್ತದೆ.

ಇಂಥ ಠರಾವು ಸಿಇಒ ಮುಂದೆ ಹೋದರೆ ತನಿಖೆಗೆ ದಾರಿ ಆಗುತ್ತದೆ. ಕರ್ತವ್ಯದಲ್ಲಿ ಪದೇಪದೇ ಲೋಪ, ದುರ್ನಡತೆ ಸಾಬೀತಾದರೆ ಅಧ್ಯಕ್ಷರ ಅಹವಾಲು ಕೇಳಿ ಅವರನ್ನು ತೆಗೆಯುವ ಅಧಿಕಾರ 48ನೇ ಪ್ರಕರಣದಲ್ಲಿ ಸರ್ಕಾರಕ್ಕಿದೆ. ಇದಕ್ಕೆ 12 ಮತ ಬೇಕಿಲ್ಲ, ಪುರಾವೆ ಬೇಕು. ತೊಂದರೆ ಏನೆಂದರೆ ಇದು ನಿಧಾನ. ನೋಟಿಸ್, ಉತ್ತರ, ವಿಚಾರಣೆ, ವರದಿ, ಬೆಂಗಳೂರು ಎನ್ನುವಷ್ಟರಲ್ಲಿ ಅವಧಿಯೇ ಮುಗಿದ ಉದಾಹರಣೆಗಳಿವೆ. ರಾಜಕೀಯದ ಕೈ ಆಡುವುದೂ ಉಂಟು. ಆದರೂ ನಿಮ್ಮ ಸಂಖ್ಯಾಬಲಕ್ಕೆ ಅವಿಶ್ವಾಸಕ್ಕಿಂತ ಇದೇ ತಕ್ಕ ದಾರಿ ಎಂದು ನನ್ನ ಅಭಿಪ್ರಾಯ. ಹಣದ ತನಿಖೆ ಶುರುವಾದರೆ ‘ಏನ್ ಮಾಡ್ಕೊಂತೀರಿ’ ಎನ್ನುವ ದನಿ ತಾನಾಗಿ ಇಳಿಯುತ್ತದೆ, ಈಗ ಬೇಲಿ ಮೇಲೆ ಕೂತ ಏಳು ಜನರಲ್ಲಿ ಇಬ್ಬರು ಮೂವರು ಈ ಕಡೆ ಬರಲೂಬಹುದು. ಅವಿಶ್ವಾಸದ ಮಾತು ಆಗ ಆಡಿ.

ಕೊನೆಗೆ ಪಿಡಿಒ. ಅವರ ಮೇಲೆ ಅವಿಶ್ವಾಸ ತರಲು ಬರುವುದಿಲ್ಲ. ಅವರು ಸರ್ಕಾರಿ ನೌಕರರು, ನಿಮ್ಮ ವಿಶ್ವಾಸದ ಮೇಲೆ ಆ ಕುರ್ಚಿಯಲ್ಲಿ ಕೂತವರಲ್ಲ. ಸಭೆ ಅವರನ್ನು ವರ್ಗ ಮಾಡಲಾರದು, ಅಮಾನತು ಮಾಡಲಾರದು. ಸಭೆ ಮಾಡಬಹುದಾದ್ದು ಕಾರಣ ಬರೆದು ಕ್ರಮಕ್ಕೆ ಶಿಫಾರಸು. ಕ್ರಮ ಎಂದರೆ ಏನೂ ಇಲ್ಲ ಎಂದುಕೊಳ್ಳಬೇಡಿ. ಸರ್ಕಾರಿ ನೌಕರರಿಗೆ 1957ರ ಶಿಸ್ತು ನಿಯಮಗಳಿವೆ, ಅದರ ಲಘು ದಂಡನೆಗಳಲ್ಲಿ ವಾಗ್ದಂಡನೆ ಇದೆ, ವೇತನ ಬಡ್ತಿ ತಡೆಯುವುದಿದೆ, ಸರ್ಕಾರಕ್ಕಾದ ನಷ್ಟವನ್ನು ಸಂಬಳದಿಂದ ವಸೂಲು ಮಾಡುವುದೂ ಇದೆ. ನಿಮ್ಮ ಸಭೆಯ ಖಂಡನೆ ಅಧ್ಯಕ್ಷರಿಗೆ ಬರೀ ಮುಜುಗರ ತಂದರೆ, ಮೇಲಧಿಕಾರಿಯ ವಾಗ್ದಂಡನೆ ನೌಕರನ ಸೇವಾ ದಾಖಲೆಗೆ ಏರಿ ಬಡ್ತಿಯ ಹೊತ್ತಿಗೆ ಕಣ್ಣಿಗೆ ಬೀಳುತ್ತದೆ. ಅಧ್ಯಕ್ಷರು 30 ತಿಂಗಳಿಗೆ ಮಾಜಿ ಆಗುತ್ತಾರೆ. ಪಿಡಿಒ ಇನ್ನೂ ಎಷ್ಟೋ ವರ್ಷ ನೌಕರಿ ಮಾಡಬೇಕು. ಎರಡು ಬಿಲ್ಲಿಗೆ ಇಬ್ಬರ ಡಿಜಿಟಲ್ ಸಹಿ ಬಿದ್ದಿದ್ದರೆ, ಈ ಪ್ರಕರಣದಲ್ಲಿ ಹೆಚ್ಚು ಹೆದರಬೇಕಾದವರು ಅವರೇ.

ಅದಕ್ಕೇ ಅಧ್ಯಕ್ಷರಿಗೂ ಪಿಡಿಒಗೂ ಸೇರಿಸಿ ಒಂದೇ ಸಾಲಿನಲ್ಲಿ ಖಂಡನೆ ಬರೆಯಬೇಡಿ. ಇಬ್ಬರ ಮೇಲೆ ಕ್ರಮ ಕೈಗೊಳ್ಳುವ ದಾರಿ ಬೇರೆ ಬೇರೆ. ಠರಾವು ಎರಡು ಮಾಡಿ, ಪ್ರತಿಗಳನ್ನು ಬೇರೆ ಬೇರೆ ಲಗತ್ತುಗಳೊಂದಿಗೆ ಕಳಿಸಿ. ಪಿಡಿಒ ಕುರಿತ ಠರಾವಿಗೆ, ಹೋದ ಸಭೆಯ ಠರಾವು ದಾಖಲಿಸದ ಬಗ್ಗೆ 10 ಮಂದಿಯ ಸಹಿ ಇರುವ ಹೇಳಿಕೆಯನ್ನೂ ಜೋಡಿಸಿ. ಆ ದಿನದ ನಡಾವಳಿಯ ದೃಢೀಕೃತ ಪ್ರತಿಗೆ ನಾಳೆಯೇ ಅರ್ಜಿ ಕೊಡಿ. ಖಾಲಿ ಬಿಟ್ಟ ಜಾಗ ಇನ್ನೂ ಖಾಲಿ ಇದೆಯೋ, ಅಷ್ಟರಲ್ಲಿ ಬೇರೇನಾದರೂ ತುಂಬಿದ್ದಾರೋ ಎಂಬುದು ಅದರಲ್ಲೇ ಗೊತ್ತಾಗುತ್ತದೆ.